ಬಕ್ 110 ಲಾಕ್‌ಬ್ಯಾಕ್ ಚಾಕು: ಹಿತ್ತಾಳೆಯ ಚೌಕಟ್ಟು, ಬಿಚ್ಚಲಾಗದ ಕೀಲು

ಮಡಚುವ ಚಾಕು ಕೊಳ್ಳಲು ಹೊರಟವರು ಮೊದಲು ವಿಚಾರಿಸುವುದು ಅಲಗಿನ ಉಕ್ಕು ಯಾವುದು ಎಂದು. ತೆರೆದ ಅಲಗನ್ನು ಹಿಡಿಯ ಬೆನ್ನಿನ ಪಟ್ಟಿಯಿಂದ ಬಿಗಿಹಿಡಿಯುವ ಲಾಕ್‌ಬ್ಯಾಕ್ ಚಾಕುವಿನ ಮಟ್ಟಿಗೆ ಅದು ಎರಡನೆಯ ಪ್ರಶ್ನೆ. ಅಲಗು ಮೊಂಡಾದರೆ ಸಾಣೆ ಹಿಡಿದು ಮತ್ತೆ ಹರಿತ ಮಾಡಿಕೊಳ್ಳಬಹುದು. ಕೀಲು ಸಡಿಲಾದರೆ, ಲಾಕಿನ ಹಲ್ಲು ಸವೆದರೆ, ಎಂಥ ಉಕ್ಕಿದ್ದರೂ ಆ ಚಾಕುವನ್ನು ನಂಬುವಂತಿಲ್ಲ. ಬಕ್ 110 ಫೋಲ್ಡಿಂಗ್ ಹಂಟರನ್ನು ಇಲ್ಲಿ ನೋಡಿರುವುದು ಕೀಲಿನ ಕಡೆಯಿಂದಲೇ.

ಅಮೆರಿಕದ ಬಕ್ ನೈವ್ಸ್ ಇದನ್ನು 1964ರಲ್ಲಿ ಹೊರತಂದಿತು. 2005ರಿಂದ ಕಾರ್ಖಾನೆ ಐಡಹೊ ರಾಜ್ಯದ ಪೋಸ್ಟ್ ಫಾಲ್ಸ್‌ನಲ್ಲಿದೆ. ಅಲಗಿನ ಉದ್ದ 95 ಮಿ.ಮೀ., ಮಡಚಿದಾಗ ಇಡೀ ಚಾಕು 124 ಮಿ.ಮೀ., ತೂಕ ಸುಮಾರು 204 ಗ್ರಾಂ. ಇಷ್ಟು ತೂಕಕ್ಕೆ ಹಿತ್ತಾಳೆಯೇ ಕಾರಣ. ಜೇಬಿಗೆ ಇದು ಭಾರ, ಬೆಲ್ಟಿಗೆ ಸಿಕ್ಕಿಸುವ ಚೀಲದಲ್ಲಿಟ್ಟರೇ ಸರಿ.

ಅಲಗಿನ ಮಾತು ಬೇಗ ಮುಗಿಸೋಣ. ಮೊದಲ ವರ್ಷಗಳಲ್ಲಿ 440ಸಿ ಉಕ್ಕು ಇತ್ತು, ಆಮೇಲೆ 425 ಮಾಡಿಫೈಡ್, 1990ರ ದಶಕದಿಂದ 420ಎಚ್‌ಸಿ. 440ಸಿಯಲ್ಲಿ ಶೇ. 1ರ ಆಸುಪಾಸು ಇಂಗಾಲವಿದ್ದರೆ 420ಎಚ್‌ಸಿಯಲ್ಲಿ ಅರ್ಧದಷ್ಟೂ ಇರುವುದಿಲ್ಲ. ಹಾಗಾಗಿ ಕಾಗದದ ಮೇಲೆ ಇದು ಹಿಂದಡಿ ಇಟ್ಟಂತೆ ಕಾಣುತ್ತದೆ. ಆದರೆ ಶಾಖ ಸಂಸ್ಕಾರದ ಪರಿಣತ ಪಾಲ್ ಬಾಸ್ ರೂಪಿಸಿದ ವಿಧಾನದಿಂದ ಈ ಅಲಗಿಗೆ ಗಡಸುತನ ಅಳೆಯುವ ರಾಕ್‌ವೆಲ್ ಮಾನದಲ್ಲಿ 58 ಬರುತ್ತದೆ. ಅಂಚು ಸುಲಭಕ್ಕೆ ಚೂರು ಹಾರುವುದಿಲ್ಲ, ಮಾಮೂಲಿ ಎರಡು ಮುಖದ ಸಾಣೆ ಕಲ್ಲಿನ ಮೇಲೂ ಚೆನ್ನಾಗಿ ಹರಿತವಾಗುತ್ತದೆ. ಕಾರ್ಖಾನೆ ಕೊಡುವ ಕೋನ ಒಂದೊಂದು ಬದಿಗೆ 13ರಿಂದ 16 ಡಿಗ್ರಿ, ಅದನ್ನೇ ಉಳಿಸಿಕೊಳ್ಳಿ. ಎಸ್30ವಿ ಉಕ್ಕಿನ 110 ಕೂಡ ಸಿಗುತ್ತದೆ. ಅದರ ಹರಿತ ಹೆಚ್ಚು ದಿನ ಬಾಳುತ್ತದೆ ನಿಜ, ಆದರೆ ಅದರಲ್ಲಿರುವ ಶೇ. 4ರಷ್ಟು ವನೇಡಿಯಂ ಸಾಧಾರಣ ಕಲ್ಲಿಗೆ ಬಗ್ಗುವುದಿಲ್ಲ, ಡೈಮಂಡ್ ಕಲ್ಲು ಬೇಕು. ಮನೆಯಲ್ಲಿ ಸಾಣೆ ಹಿಡಿಯುವವರಿಗೆ 420ಎಚ್‌ಸಿ ಸಾಕೋ ಸಾಕು.

ಈಗ ಕೀಲು. ಲಾಕ್‌ಬ್ಯಾಕಿನಲ್ಲಿ ಓಡಾಡುವ ಭಾಗಗಳು ಮೂರೇ: ಅಲಗು, ಹಿಡಿಯ ಬೆನ್ನಿನುದ್ದಕ್ಕೂ ಇರುವ ಲಾಕ್ ಪಟ್ಟಿ, ಅದನ್ನು ಒತ್ತಿ ಹಿಡಿಯುವ ಸ್ಪ್ರಿಂಗ್. ಪಟ್ಟಿ ನಡುವಿನ ಪಿನ್ನಿನ ಮೇಲೆ ಏತದಂತೆ ತೂಗುತ್ತದೆ. ಅಲಗು ಪೂರ್ತಿ ತೆರೆದಾಗ ಪಟ್ಟಿಯ ಮುಂದಿನ ಹಲ್ಲು ಅಲಗಿನ ಬುಡದಲ್ಲಿರುವ ಕಚ್ಚಿಗೆ ಬೀಳುತ್ತದೆ. ಹಿಂದಿನ ತುದಿಯನ್ನು ಒತ್ತಿದರೆ ಹಲ್ಲು ಮೇಲೇಳುತ್ತದೆ. ಈ ಹಳೆಯ ವಿನ್ಯಾಸದಲ್ಲಿ ಅಲಗನ್ನು ತಡೆಯಲೆಂದೇ ಬೇರೊಂದು ಪಿನ್ ಇಲ್ಲ. ಅಲಗು ಮುಚ್ಚುವ ಕಡೆಗೆ ಬಲ ಬಿದ್ದರೂ, ಅತಿಯಾಗಿ ತೆರೆಯುವ ಕಡೆಗೆ ಬಿದ್ದರೂ ಅದನ್ನು ಹೊರುವುದು ಅದೇ ಹಲ್ಲು, ಅದರ ಬೆನ್ನಿಗೆ ಅಲಗಿನ ಪಿನ್ ಮತ್ತು ಪಟ್ಟಿಯ ಪಿನ್.

ಇಲ್ಲಿ ಒಂದು ಲೆಕ್ಕ ಮಾಡಿ ನೋಡಬೇಕು. ಅಲಗಿನ ಪಿನ್ನಿನಿಂದ ಕಚ್ಚಿಗೆ 8 ಮಿ.ಮೀ. ದೂರ ಎಂದಿಟ್ಟುಕೊಳ್ಳಿ. ಮೊನೆ 95 ಮಿ.ಮೀ. ಆಚೆ ಇದೆ, ಅಂದರೆ ಸುಮಾರು 12 ಪಟ್ಟು. ಕಚ್ಚಿನಲ್ಲಿ 0.05 ಮಿ.ಮೀ. ಸವೆದರೆ ಮೊನೆ 0.6 ಮಿ.ಮೀ. ಅಲುಗುತ್ತದೆ, ಕೈಗೆ ಸ್ಪಷ್ಟವಾಗಿ ಗೊತ್ತಾಗುತ್ತದೆ. ಬಲಕ್ಕೂ ಇದೇ ಲೆಕ್ಕ: ಮೊನೆಯ ಮೇಲೆ 5 ಕಿಲೋ ಭಾರ ಹಾಕಿದರೆ ಹಲ್ಲಿನ ಮೇಲೆ 60 ಕಿಲೋ ಬೀಳುತ್ತದೆ. ಡಬ್ಬಿಯ ಮುಚ್ಚಳ ಮೀಟುವುದು, ಗಟ್ಟಿ ಮರಕ್ಕೆ ಚುಚ್ಚಿ ಅಲ್ಲಾಡಿಸಿ ಕೀಳುವುದು, ಅಲಗಿನ ಬೆನ್ನನ್ನು ಮೇಜಿಗೆ ಬಡಿದು ಲಾಕ್ ಪರೀಕ್ಷಿಸುವುದು, ಇವೆಲ್ಲ ಕೀಲನ್ನು ಕೊಲ್ಲುವ ಕೆಲಸಗಳೇ. ಆ ಕೊನೆಯದನ್ನು ಚಾಕು ಬಲ್ಲವರೆನಿಸಿಕೊಂಡವರೂ ಮಾಡುತ್ತಾರೆ. ಅದರಿಂದ ಲಾಕಿನ ಗುಣ ತಿಳಿಯುವುದಕ್ಕಿಂತ ಹಲ್ಲಿನ ಮೂಲೆ ಉರುಟಾಗುವುದೇ ಹೆಚ್ಚು.

110ರಲ್ಲಿ ಅಲಗಿನ ಬುಡ ಹಿತ್ತಾಳೆಯ ಎರಡು ಗೋಡೆಗಳ ನಡುವೆ ತಿರುಗುತ್ತದೆ. ಈ ಆಯ್ಕೆ ಅಂದಕ್ಕೆ ಮಾತ್ರ ಮಾಡಿದ್ದಲ್ಲ. ಸ್ಟೇನ್‌ಲೆಸ್ ಉಕ್ಕಿಗೆ ಸ್ಟೇನ್‌ಲೆಸ್ ಉಕ್ಕು ಒತ್ತಿ ಉಜ್ಜಿದರೆ ಮೇಲ್ಮೈಗಳು ಒಂದಕ್ಕೊಂದು ಅಂಟಿ ಕಿತ್ತುಬರುತ್ತವೆ. ಉಕ್ಕಿನ ಜೊತೆ ಹಿತ್ತಾಳೆ ಹಾಗೆ ಅಂಟುವುದಿಲ್ಲ, ನಯವಾಗಿ ಜಾರುತ್ತದೆ. ಬೇರೆ ವಾಷರ್ ಇಲ್ಲದೆಯೂ ಈ ಕೀಲು ದಶಕಗಟ್ಟಲೆ ಬಾಳುವುದು ಇದರಿಂದಲೇ. ಹಿತ್ತಾಳೆಯ ದೌರ್ಬಲ್ಯ ಪಕ್ಕದಿಂದ ಬೀಳುವ ಬಲ. ಅಲಗನ್ನು ಅಡ್ಡ ತಿರುಚಿದರೆ ಗಟ್ಟಿ ಪಿನ್ನು ಮೆತ್ತಗಿನ ಹಿತ್ತಾಳೆಯ ರಂಧ್ರವನ್ನು ಮೊಟ್ಟೆಯಾಕಾರಕ್ಕೆ ಎಳೆಯುತ್ತದೆ, ಗೋಡೆಗಳು ಕೂದಲೆಳೆಯಷ್ಟು ಅಗಲುತ್ತವೆ.

ಈ ಚಾಕುವಿನ ಬಗ್ಗೆ ನಮ್ಮ ದೊಡ್ಡ ತಕರಾರು ಇಲ್ಲಿದೆ. ಪಿನ್ನುಗಳೆಲ್ಲ ರಿವೆಟ್ ಮಾಡಿದವು, ಬಡಿದು ಉಜ್ಜಿ ಹಿತ್ತಾಳೆಯ ಮಟ್ಟಕ್ಕೆ ತಂದಂಥವು. ಸ್ಕ್ರೂ ಇಲ್ಲ. ಕೀಲನ್ನು ಬಿಗಿ ಮಾಡಲಾಗದು, ಬಿಚ್ಚಿ ತೊಳೆಯಲೂ ಆಗದು. ಕೆಲವರು ಪಿನ್ನಿನ ತಲೆಯನ್ನು ಅಡಿಗಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ತಟ್ಟಿ ಬಿಗಿ ಮಾಡುತ್ತಾರೆ. ಒಂದು ಪೆಟ್ಟು ಹೆಚ್ಚಾದರೆ ಅಲಗು ಸಿಕ್ಕಿಕೊಳ್ಳುತ್ತದೆ, ಹಿತ್ತಾಳೆಗೆ ಗುಳಿ ಬೀಳುತ್ತದೆ, ಮತ್ತೆ ಸಡಿಲ ಮಾಡಲು ದಾರಿಯಿಲ್ಲ. ಕಂಪನಿ ಜೀವನಪರ್ಯಂತ ವಾರಂಟಿ ಕೊಡುತ್ತದೆ, ಆದರೆ ರಿಪೇರಿ ಆಗುವುದು ಅಮೆರಿಕದಲ್ಲಿ. ಇಲ್ಲಿಂದ ಕಳಿಸಿ ತರಿಸುವ ಖರ್ಚು ಮತ್ತು ಕಸ್ಟಮ್ಸ್ ತಾಪತ್ರಯ ಲೆಕ್ಕ ಹಾಕಿದರೆ, ಇದು ಕೆಡದಂತೆ ನೋಡಿಕೊಳ್ಳಬೇಕಾದ ಚಾಕು.

ಕೆಡುವುದು ಹೆಚ್ಚಾಗಿ ಸವೆತದಿಂದಲ್ಲ, ಕೊಳೆಯಿಂದ. ಬಟ್ಟೆಯ ಜುಂಗು, ಹಣ್ಣಿನ ರಸ, ಮರದ ಪುಡಿ ಕಚ್ಚಿನಲ್ಲಿ ಗಟ್ಟಿಯಾದರೆ ಹಲ್ಲು ಪೂರ್ತಿ ಕೂರುವುದಿಲ್ಲ. ಅಲಗು ತೆರೆದಾಗ ಪಟ್ಟಿ ಬೆನ್ನಿನ ಮಟ್ಟಕ್ಕಿಂತ ಎತ್ತರದಲ್ಲಿ ನಿಂತರೆ ಒಳಗೆ ಕೊಳೆ ಇದೆ ಎಂದೇ ಅರ್ಥ. ಆ ಸ್ಥಿತಿಯಲ್ಲಿ ಲಾಕ್ ಕೈಕೊಡಬಹುದು, ಬಳಸಬೇಡಿ. ಅಲಗು ತೆರೆದುಕೊಂಡೇ ಬಿಸಿನೀರು, ಪಾತ್ರೆ ತೊಳೆಯುವ ಸೋಪು, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಕೀಲು ಉಜ್ಜಿ. ಪಟ್ಟಿ ಒತ್ತಿ ಹಿಡಿದು ಕಚ್ಚನ್ನು ಟೂತ್‌ಪಿಕ್ಕಿನಿಂದ ಕೆರೆಯಿರಿ. ತೊಳೆದು, ಒದರಿ, ಫ್ಯಾನಿನ ಕೆಳಗೆ ಒಣಗಿಸಿ. ಪಂಕ್ಚರ್ ಅಂಗಡಿಯ ಗಾಳಿ ಹೊಡೆಸಿದರೆ ಕೊಳೆ ಹಾರುತ್ತದೆ, ಆದರೆ ಆ ಗಾಳಿಯಲ್ಲಿ ನೀರಿನಂಶ ಇರುವುದರಿಂದ ಮತ್ತೆ ಒಣಗಿಸಬೇಕು. ಆಮೇಲೆ ಹೊಲಿಗೆ ಯಂತ್ರದ ಎಣ್ಣೆ: ಅಲಗಿನ ಬುಡದ ಎರಡೂ ಪಕ್ಕಕ್ಕೆ ಒಂದೊಂದು ಹನಿ, ಪಟ್ಟಿಯ ಪಿನ್ನಿಗೆ ಒಂದು ಹನಿ. ಹತ್ತಿಪ್ಪತ್ತು ಸಲ ತೆರೆದು ಮುಚ್ಚಿ, ಹೊರಬಂದದ್ದನ್ನು ಒರೆಸಿ. ಕಚ್ಚನ್ನು ಒಣಗಿದಂತೆಯೇ ಬಿಡಿ, ಎಣ್ಣೆ ಇದ್ದರೆ ಮತ್ತೆ ಜುಂಗು ಅಂಟುತ್ತದೆ. ಕೊಬ್ಬರಿ ಎಣ್ಣೆ ಬೇಡ, ಚಳಿಗೆ ಹೆಪ್ಪುಗಟ್ಟುತ್ತದೆ.

ಹಿತ್ತಾಳೆ ಕಂಡರೆ ನಮ್ಮ ಕೈ ಹುಣಸೆಹಣ್ಣಿನ ಕಡೆ ಹೋಗುತ್ತದೆ. ಹೊರಮೈಗೆ ಅಡ್ಡಿಯಿಲ್ಲ, ಆದರೆ ಹುಳಿನೀರು ಕೀಲಿನೊಳಗೆ ಇಳಿದು ಉಳಿದರೆ ಅಲಗಿಗೆ ಚುಕ್ಕೆ ಚುಕ್ಕೆ ತುಕ್ಕು ಹಿಡಿಯುತ್ತದೆ. ಉಜ್ಜುವ ಪುಡಿ ಒಳಗೆ ಸೇರಿದರೆ ಕೀಲನ್ನೇ ಅರೆಯುತ್ತದೆ. ಅಮೋನಿಯಾ ಇರುವ ಗಾಜಿನ ಕ್ಲೀನರ್ ಹತ್ತಿರವೂ ಸುಳಿಯಬಾರದು. ಬ್ರಿಟಿಷ್ ಕಾಲದ ಭಾರತದಲ್ಲಿ ಕುದುರೆ ಲಾಯಗಳ ಬಳಿ ಇಟ್ಟ ಸೇನೆಯ ಹಿತ್ತಾಳೆ ತೋಟಾಗಳು ಮಳೆಗಾಲದಲ್ಲಿ ತಾವಾಗಿಯೇ ಬಿರಿಯುತ್ತಿದ್ದವು. ಮೂತ್ರದ ಅಮೋನಿಯಾ ಒಳಒತ್ತಡವಿರುವ ಹಿತ್ತಾಳೆಯನ್ನು ಸೀಳುತ್ತದೆ ಎಂಬುದು 1921ರಲ್ಲಿ ಖಚಿತವಾಯಿತು. ಬಡಿದ ರಿವೆಟ್ಟಿನ ಸುತ್ತಲಿನ ಹಿತ್ತಾಳೆಯಲ್ಲೂ ಅಂಥ ಒತ್ತಡ ಇರಬಹುದು.

ಜೊತೆಗೆ ಬರುವ ಚರ್ಮದ ಚೀಲ ಒಯ್ಯುವುದಕ್ಕೆ ಒಳ್ಳೆಯದು, ಇಡುವುದಕ್ಕಲ್ಲ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಚರ್ಮ ತೇವ ಹೀರಿಕೊಂಡು ಹಿತ್ತಾಳೆಗೆ ಹಸಿರು ಕಿಲುಬು ಹತ್ತಿಸುತ್ತದೆ. ಹಿಡಿಯ ಮರ ಕ್ಯಾಮರೂನ್ ದೇಶದ ಎಬೊನಿ, ಅಂದರೆ ಕರಿಮರದ ಜಾತಿ. ಹಿಂದೆ ರಾಳ ತುಂಬಿದ ಪದರಮರ ಇತ್ತು. ಅದನ್ನು ಮಾಡುತ್ತಿದ್ದ ವರ್ಮಾಂಟಿನ ಕಾರ್ಖಾನೆ 2014ರಲ್ಲಿ ಸುಟ್ಟುಹೋಯಿತು. ತೇವಕ್ಕೆ ಆ ಪದರಮರವೇ ಗಟ್ಟಿ, ನೋಡಲು ಎಬೊನಿ ಚಂದ.

ಬಿಗಿಮಾಡುವ ಕೀಲೇ ಬೇಕೆನ್ನುವವರು ಸ್ಪೈಡರ್ಕೊ ಕಂಪನಿಯ ಡೆಲಿಕಾ ಚಾಕು ನೋಡಬಹುದು: ಸ್ಕ್ರೂ ಜೋಡಣೆ, ಹಗುರ, ಮತ್ತು ಬಿಗಿಯಾಗಿ ಹಿಡಿದಾಗ ಅಂಗೈ ಒತ್ತಿ ಲಾಕ್ ಬಿಡದಂತೆ ಪಟ್ಟಿಯಲ್ಲಿ ಒಂದು ತಗ್ಗು. ಒರಟು ಕೆಲಸಕ್ಕೆ ಕೋಲ್ಡ್ ಸ್ಟೀಲ್ ಕಂಪನಿಯ ಟ್ರೈ-ಆಡ್ ಲಾಕ್ ಇರುವ ಚಾಕುಗಳು ಮೇಲು. ಆಂಡ್ರ್ಯೂ ಡೆಮ್ಕೊ ವಿನ್ಯಾಸದ ಈ ಲಾಕಿನಲ್ಲಿ ಅಲಗಿಗೂ ಪಟ್ಟಿಗೂ ನಡುವೆ ಬೇರೊಂದು ತಡೆಪಿನ್ ಇದ್ದು ಭಾರವನ್ನು ಅದೇ ಹೊರುತ್ತದೆ. ಪಟ್ಟಿಯ ರಂಧ್ರ ತುಸು ಉದ್ದವಾಗಿರುವುದರಿಂದ ಸವೆದಷ್ಟೂ ಹಲ್ಲು ಮುಂದೆ ಸರಿದು ಕೂರುತ್ತದೆ. ಹಣ್ಣು, ಹಗ್ಗ, ರಟ್ಟು, ತೋಟದ ಸಣ್ಣ ಕತ್ತರಿಕೆಗಳಿಗೆ 110 ಧಾರಾಳ ಸಾಕು, ಕೈಯಲ್ಲಿ ಹಿಡಿದ ಸುಖ ಮಿಕ್ಕೆರಡರಲ್ಲಿ ಇಲ್ಲ.

ಕೊಳ್ಳುವಾಗ ಅಯಸ್ಕಾಂತ ಜೊತೆಗಿರಲಿ, ನಕಲುಗಳು ಬಹಳ ಇವೆ. ಹಿಡಿಯ ತುದಿಯ ಹಿತ್ತಾಳೆಗೆ ಅದು ಬಿಗಿಯಾಗಿ ಅಂಟಿದರೆ ಅದು ಬಣ್ಣ ಹಾಕಿದ ಕಬ್ಬಿಣವಿರಬಹುದು. ಅಲಗಿನ ಬುಡದಲ್ಲಿ ಬಕ್, 110, ಯುಎಸ್ಎ ಮುದ್ರೆ ಇರಬೇಕು. 1986ರಿಂದೀಚಿನವಕ್ಕೆ ವರ್ಷ ಸೂಚಿಸುವ ಪುಟ್ಟ ಗುರುತೂ ಇರುತ್ತದೆ. ತೆರೆದು ಹಿಡಿದು ಮೊನೆಯನ್ನು ಮೆಲ್ಲನೆ ಮೇಲೆ ಕೆಳಗೆ, ಎಡಕ್ಕೆ ಬಲಕ್ಕೆ ಅಲುಗಿಸಿ. ಮೇಲೆ ಕೆಳಗೆ ಆಡಿದರೆ ದೋಷ ಲಾಕಿನದು, ಪಕ್ಕಕ್ಕೆ ಆಡಿದರೆ ಕೀಲಿನದು. ಹೊಸ ಚಾಕುವಿನಲ್ಲಿ ಎರಡರಲ್ಲಿ ಯಾವುದಿದ್ದರೂ ಬೇರೆಯದನ್ನು ಕೇಳಿ ಪಡೆಯಿರಿ.