ಹಾಡಿದವಳ ಹೆಸರು ಹಿಡಿದು ಹೋಗಿ: ಪುಣೆಯ ಬೀಸುವ ಪದಗಳ ಭಂಡಾರ

ಮರಾಠಿ ಬೀಸುವ ಪದಗಳ ಜಾಲತಾಣವೊಂದರ ಮಾತು ಇದು; ಅದಕ್ಕೆ ಮುನ್ನ ಒಂದು ಹೆಸರಿನ ಗೊಂದಲ. ಮರಾಠಿಗೆ ಮನಸೋತು ಪುಣೆಯಲ್ಲಿ ವರ್ಷಗಟ್ಟಲೆ ಇದ್ದ, ಗೀ ಎಂಬ ಹೆಸರಿನ ಫ್ರೆಂಚ್ ವಿದ್ವಾಂಸರು ಇಬ್ಬರು. ಒಬ್ಬರನ್ನು ಇನ್ನೊಬ್ಬರೆಂದು ತಿಳಿಯುವುದು ಸುಲಭ, ಆದ್ದರಿಂದ ಮೊದಲೇ ಬಿಡಿಸಿಬಿಡುವುದು ಒಳ್ಳೆಯದು. ಗೀ ದೆಲ್ಯೂರಿ ಜೆಸ್ಯೂಟ್ ಪಾದ್ರಿಯಾಗಿದ್ದವರು. ತುಕಾರಾಮರ ಅಭಂಗಗಳನ್ನು 1956ರಲ್ಲಿ ಫ್ರೆಂಚಿಗೆ ತಂದರು. ವಿಠೋಬನ ಆರಾಧನೆಯ ಬಗ್ಗೆ ಅವರು ಇಂಗ್ಲಿಷಿನಲ್ಲಿ ಬರೆದ ಗ್ರಂಥವನ್ನು ಡೆಕ್ಕನ್ ಕಾಲೇಜು 1960ರಲ್ಲಿ ಅಚ್ಚು ಹಾಕಿಸಿತು. ಪಂಢರಪುರದ ಮೂರ್ತಿ ಮೂಲದಲ್ಲಿ ವೀರಗಲ್ಲು ಎಂಬ ವಾದ ಅದರಲ್ಲಿದೆ; ವೀರಗಲ್ಲುಗಳ ನಾಡಿನವರಾದ ನಾವು ಒಪ್ಪಲಿ ಬಿಡಲಿ, ಓದಬೇಕಾದ್ದು. ಗೀ ಪ್ವಾತವಾಂ (1934–2004) ಬೇರೆಯವರು. ತತ್ವಶಾಸ್ತ್ರ, ದೈವಶಾಸ್ತ್ರ ಓದಿಕೊಂಡು 1972ರ ಹೊತ್ತಿಗೆ ಪುಣೆಗೆ ಬಂದವರು, ಭಾರತದ ಪೌರತ್ವ ಪಡೆದವರು. ಸಂಶೋಧಕಿ ಹೇಮಾ ರಾಯರ್ಕರ್ ಜೊತೆಗೂಡಿ ಮಹಾರಾಷ್ಟ್ರದ ಹಳ್ಳಿಹೆಂಗಸರ ಬೀಸುವ ಪದಗಳನ್ನು ಕಲೆಹಾಕಿದರು. ಇಲ್ಲಿ ವಿಮರ್ಶೆಗೆ ಎತ್ತಿಕೊಂಡಿರುವುದು ಆ ಸಂಗ್ರಹದ ಜಾಲತಾಣವನ್ನು.

ಮೊದಲು ಅಳತೆ ಹೇಳಬೇಕು: ಲಕ್ಷಕ್ಕೂ ಮೀರಿದ ಪದಗಳು, ಸಾವಿರಕ್ಕೂ ಹೆಚ್ಚು ಹಳ್ಳಿಗಳು, ಮೂರು ಸಾವಿರದಾಚೆಗಿನ ಹಾಡುಗಾರ್ತಿಯರು. ಗಡಿ ದಾಟಿ ಕರ್ನಾಟಕದ ಕೆಲವು ಹಳ್ಳಿಗಳೂ ಪಟ್ಟಿಯಲ್ಲಿವೆ. ದುಡ್ಡು ಕೊಡಬೇಕಿಲ್ಲ. ಬಾಗಿಲು ಎರಡು. ಒಂದು, ಪ್ವಾತವಾಂ ಸಮಾಜವಿಜ್ಞಾನದ ಸಂಶೋಧನೆಗೆ ಕಟ್ಟಿದ ಸಿಸಿಆರ್‌ಎಸ್‌ಎಸ್ ಸಂಸ್ಥೆಯ ಮೂಲ ದತ್ತಸಂಚಯ (ಡೇಟಾಬೇಸ್). ಇದರ ಬೆನ್ನೆಲುಬು ಸಂಗೀತ-ಕಂಪ್ಯೂಟರ್ ತಜ್ಞ ಬರ್ನಾರ್ ಬೆಲ್ ಅವರ ದುಡಿಮೆ. ಇನ್ನೊಂದು, ಗ್ರಾಮೀಣ ಭಾರತದ ಬದುಕನ್ನು ದಾಖಲಿಸುವ ‘ಪರಿ’ ತಾಣ 2017ರಿಂದ ಪ್ರಕಟಿಸುತ್ತಿರುವ ಸರಣಿ. ಪರಿಯಲ್ಲಿ ಹಾಡು, ಹಾಡಿದವರ ಚಿತ್ರ, ಅನುವಾದ, ಹಿನ್ನೆಲೆ ಎಲ್ಲವೂ ತಟ್ಟೆಗೆ ಬಡಿಸಿದ ಹಾಗೆ ಸಿಗುತ್ತದೆ. ಮೂಲ ದತ್ತಸಂಚಯ ಮಾತ್ರ ಅಡುಗೆಮನೆ: ರುಚಿ ಅಲ್ಲೇ ಹೆಚ್ಚು, ಆದರೆ ಡಬ್ಬಿ ನೀವೇ ಹುಡುಕಿಕೊಳ್ಳಬೇಕು.

ಹುಡುಕಲು ಹೊರಟವರು ಎಡವುವುದು ‘ಪದ’ ಎಂಬ ಲೆಕ್ಕದಲ್ಲೇ. ಇಲ್ಲಿ ಒಂದು ಪದವೆಂದರೆ ಎರಡೇ ಸಾಲು. ನಮ್ಮ ಬೀಸುಕಲ್ಲಿನ ತ್ರಿಪದಿಗೆ ಒಗ್ಗಿದ ಕಿವಿಗೆ ಮೂರನೆಯ ಸಾಲು ಎಲ್ಲೋ ಬಿಟ್ಟುಹೋಯಿತೇ ಅನ್ನಿಸುತ್ತದೆ, ಬಿಟ್ಟಿಲ್ಲ. ದನಿಯಲ್ಲಿ ಕೇಳಿದರೆ ಅದೇ ಎರಡು ಸಾಲು ತುಂಡುತುಂಡಾಗಿ, ಮರುಕಳಿಸಿ, ನಡುನಡುವೆ ‘ಬಾಯೀ’ ಎಂಬಂಥ ತುಂಬುಮಾತು ಸೇರಿ ಉದ್ದವಾಗುತ್ತದೆ. ಬರಹದಲ್ಲಿ ಅದೆಲ್ಲ ಸೋಸಿಹೋಗಿದೆ. ಆದ್ದರಿಂದ ಧ್ವನಿ ಕೇಳುತ್ತ ಸಾಲಿನ ಮೇಲೆ ಬೆರಳಿಟ್ಟು ಓದುತ್ತೇನೆಂದರೆ ಮೊದಲ ಅರ್ಧ ನಿಮಿಷದಲ್ಲೇ ದಾರಿ ತಪ್ಪುತ್ತದೆ. ಒಮ್ಮೆ ಓದಿ, ಆಮೇಲೆ ಕಣ್ಣುಮುಚ್ಚಿ ಕೇಳಿ.

ಎಲ್ಲ ಪದಕ್ಕೂ ದನಿ ಇರುತ್ತದೆಂದು ನಂಬಿ ಹೋಗಬೇಡಿ. ಧ್ವನಿಮುದ್ರಣ ಇರುವುದು ಸುಮಾರು 120 ಗಂಟೆ, ಅಂದರೆ 4,32,000 ಸೆಕೆಂಡು. ಲಕ್ಷ ಪದಕ್ಕೆ ಹಂಚಿದರೆ ತಲಾ ನಾಲ್ಕು ಸೆಕೆಂಡು ಚಿಲ್ಲರೆ. ಎರಡು ಸಾಲು ರಾಗವಾಗಿ ಹಾಡುವುದಕ್ಕೆ ಅದರ ಹಲವು ಪಟ್ಟು ಬೇಕು. ಬಹುಪಾಲು ಪದಗಳು ಬರಹವಾಗಿ ಮಾತ್ರ ಉಳಿದಿವೆ. ಇಂಗ್ಲಿಷ್ ಅನುವಾದ ಆಗಿರುವುದೂ ಸುಮಾರು 30,000ಕ್ಕೆ. ಮರಾಠಿ ಓದಲು ಬಾರದವರು ಪರಿಯಿಂದಲೇ ಶುರುಮಾಡುವುದು ಕ್ಷೇಮ.

ಪ್ವಾತವಾಂ ಅವರ ಹೆಚ್ಚುಗಾರಿಕೆ ಇರುವುದು ವಿಂಗಡಣೆಯಲ್ಲಿ, ನನ್ನ ತಕರಾರು ಇರುವುದೂ ಅಲ್ಲಿಯೇ. ಪ್ರತಿ ಪದಕ್ಕೂ ಅರ್ಥದ ಮೇಲೆ ಒಂದು ಸಂಕೇತ: ಮೊದಲು ಇಂಗ್ಲಿಷ್ ಅಕ್ಷರ, ಆಮೇಲೆ ರೋಮನ್ ಅಂಕಿ, ಅದರೊಳಗೆ ಉಪವಿಭಾಗ. ಎ ಗುಂಪಿನ ಮೊದಲಲ್ಲೇ ಕಾಡುಪಾಲಾದ ಸೀತೆ, ಬಿ ಗುಂಪಿನ ಆರರಲ್ಲಿ ಪಂಢರಪುರ, ಎಚ್ ಗುಂಪಿನ ಇಪ್ಪತ್ತೊಂದರಲ್ಲಿ ಅಂಬೇಡ್ಕರ್. ಸೀತೆಯ ಅಳಲನ್ನು ನೂರು ಊರಿನ ಹೆಂಗಸರು ಹೇಗೆ ಹಾಡಿದರು ಎಂದು ಒಂದೇ ಪುಟದಲ್ಲಿ ಹೋಲಿಸಲು ಇಷ್ಟು ಒಳ್ಳೆಯ ಸಾಧನ ಕನ್ನಡದ ಬೀಸುವ ಪದಗಳಿಗೆ ಇದ್ದಿದ್ದರೆ ಅನ್ನಿಸದೆ ಇರದು. ಆದರೆ ಬೀಸುತ್ತ ಕೂತವಳು ವಿಷಯವಾರು ಹಾಡುವುದಿಲ್ಲವಲ್ಲ. ರಾಮನ ಹೆಸರೆತ್ತಿ ಆರಂಭಿಸಿ, ತವರಿಗೆ ಹೋಗಿ, ಅಣ್ಣನನ್ನು ನೆನೆದು, ವಿಠ್ಠಲನ ಬಾಗಿಲಿಗೆ ಬಂದು, ಮತ್ತೆ ಮಗಳ ಹತ್ತಿರ ತಿರುಗುತ್ತಾಳೆ. ವಿಷಯದಿಂದ ಹುಡುಕಿದರೆ ಒಂದೇ ಬೆಳಗಿನ ಆ ಸರ ಹರಿದು, ಮಣಿಗಳು ಹತ್ತು ಡಬ್ಬಿಗೆ ಹೋಗಿಬಿಟ್ಟಿರುತ್ತವೆ.

ಮತ್ತೆ ಪೋಣಿಸುವ ದಾರಿ ಉಂಟು. ವರ್ಗದ ಪಟ್ಟಿ ಬಿಟ್ಟು ಹಳ್ಳಿಗಳ ಪಟ್ಟಿ ತೆರೆಯಿರಿ, ಅಲ್ಲಿಂದ ಹಾಡುಗಾರ್ತಿಯ ಹೆಸರಿಗೆ ಹೋಗಿ, ಅವಳ ಪದಗಳಲ್ಲಿ ಧ್ವನಿ ಇರುವವನ್ನು ಆರಿಸಿ. ಯುವಿಎಸ್ ಎಂದು ಶುರುವಾಗುವ ಟೇಪ್ ಸಂಖ್ಯೆಯನ್ನು ಗುರುತು ಹಾಕಿಕೊಂಡು, ಅಂಕಿಯ ಸರದಿಯಲ್ಲೇ ಕೇಳುತ್ತ ಹೋದರೆ ಕೂತು ಹಾಡಿದ ಹೊತ್ತು ಹೆಚ್ಚುಕಡಿಮೆ ಮರಳಿ ಸಿಗುತ್ತದೆ. ಪುಣೆಯವರು ಮುಳಶಿ ತಾಲೂಕಿನಿಂದಲೇ ಆರಂಭಿಸಬಹುದು. ಹಿಂಜವಡಿಯ ಐಟಿ ಕಂಪನಿಗಳಿರುವುದೂ ಅದೇ ತಾಲೂಕಿನಲ್ಲಿ. ಕೋಳವಡೆಯಂಥ ಹಳ್ಳಿಯಿಂದ ಪದಗಳು ರಾಶಿರಾಶಿ ಬಂದಿವೆ. ಬೀಡ್ ಜಿಲ್ಲೆಯ ಮಾಜಲಗಾಂವದ ಭೀಮನಗರದ ಹೆಂಗಸರು ಅಂಬೇಡ್ಕರ್ ಮೇಲೆ ಹಾಡಿದವು 1996ರ ಮುದ್ರಣ. ಅವನ್ನು ಮಾತ್ರ ಪರಿಯಲ್ಲೇ ಕೇಳಿ, ಅಲ್ಲಿನ ಹಿನ್ನೆಲೆಯ ಬರಹ ಬೇಕೇ ಬೇಕು.

ಒಂದು ಮಾತು ಹಾಕಿ ಹುಡುಕುವಾಗ ಶಾಲೆಯ ಮರಾಠಿ ಕೈಕೊಡುತ್ತದೆ. ಬಾಯಲ್ಲಿ ಬಂದಂತೆಯೇ ಬರೆದಿರುವುದರಿಂದ ಒಂದೇ ಮಾತು ಊರಿಂದೂರಿಗೆ ಬೇರೆ ಕಾಗುಣಿತದಲ್ಲಿ ಕೂತಿರುತ್ತದೆ. ಪೂರ್ತಿ ಮಾತು ಹಾಕದೆ ಅದರ ನಡುಭಾಗದ ಎರಡು ಮೂರು ಅಕ್ಷರ ಹಾಕಿ ನೋಡಿ. ಅರ್ಥದಲ್ಲೂ ಮೋಸ ಹೋಗಬಹುದು: ರಾಘೂ ಎಂದರೆ ಗಿಳಿ, ಪದದಲ್ಲಿ ಅದು ಮಗ, ಮೈನಾ ಮಗಳು, ಗವಳಣ (ಗೊಲ್ಲತಿ) ಬಂದರೆ ಅನೇಕ ಕಡೆ ತಾಯಿ. ಯಂತ್ರಾನುವಾದಕ್ಕೆ ಕೊಟ್ಟರೆ ಮನೆತುಂಬ ಹಕ್ಕಿಗಳೇ ಹಾರಾಡುತ್ತವೆ.

ನೋಟ ಹಳೆಯದು, ಪುಟಗಳು ಉದ್ದ, ಮೊಬೈಲಿನಲ್ಲಿ ಕಿರಿಕಿರಿ. ಲ್ಯಾಪ್‌ಟಾಪಿನಲ್ಲಿ ಎರಡು ಟ್ಯಾಬ್ ತೆರೆದು, ಒಂದರಲ್ಲಿ ಹಾಡುಗಾರ್ತಿಯ ಪುಟ, ಇನ್ನೊಂದರಲ್ಲಿ ವರ್ಗಗಳ ಪಟ್ಟಿ ಇಟ್ಟುಕೊಳ್ಳಿ.