ಎಲೆಯ ಸಾರದಿಂದ ಸತುವಿನ ಆಕ್ಸೈಡ್: ಒಂದು ಪ್ರಯೋಗ ಕಿಟ್‌ನ ವಿಮರ್ಶೆ

ಬೇವಿನ ಎಲೆಯ ಸಾರ ಮತ್ತು ಸತುವಿನ ನೈಟ್ರೇಟ್ ಬಳಸಿ ಸತುವಿನ ಆಕ್ಸೈಡ್‌ನ ನ್ಯಾನೋಕಣಗಳನ್ನು ತಯಾರಿಸಿ, ಅವುಗಳಿಂದ ಬೆಳಕಿನ ನೆರವಿನಿಂದ ಮೆಥಿಲೀನ್ ಬ್ಲೂ ಎಂಬ ನೀಲಿ ಬಣ್ಣ ಬೆರೆತ ನೀರನ್ನು ತಿಳಿಗೊಳಿಸುವ ಈ ಕಿಟ್ ಕಾಲೇಜು ಪ್ರಯೋಗಾಲಯಕ್ಕೆ ಒಪ್ಪುವಂಥದ್ದು. ಎಲೆಯಲ್ಲಿರುವ ಪಾಲಿಫೀನಾಲ್, ಫ್ಲೇವನಾಯ್ಡ್ ಎಂಬ ಸಸ್ಯಜನ್ಯ ರಾಸಾಯನಿಕಗಳು ಸತುವಿನ ಅಯಾನುಗಳನ್ನು ಹಿಡಿದಿಟ್ಟು, ಕಣಗಳು ಒಂದಕ್ಕೊಂದು ಅಂಟಿ ದೊಡ್ಡದಾಗದಂತೆ ತಡೆಯುತ್ತವೆ. ಬಳಿಕ ಉಳಿಯುವ ಕಂದು ಮುದ್ದೆಯನ್ನು ಸುಮಾರು 400 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಾಯಿಸಿದರೆ ಸಾವಯವ ಅಂಶ ಉರಿದುಹೋಗಿ ಬಿಳಿ ಪುಡಿ ಸಿಗುತ್ತದೆ. ಇದಕ್ಕೆ ಕುಲುಮೆ ಬೇಕೆಂಬುದನ್ನು ಪೆಟ್ಟಿಗೆಯ ಮೇಲೆಯೇ ಮುದ್ರಿಸಬೇಕಿತ್ತು.

ಕೈಪಿಡಿಯಲ್ಲಿ ನನಗೆ ಮೆಚ್ಚುಗೆಯಾದದ್ದು, ದೀಪ ಹಚ್ಚುವ ಮೊದಲು ಮಿಶ್ರಣವನ್ನು ಕತ್ತಲಲ್ಲಿ ಕಲಕಬೇಕೆಂಬ ಸೂಚನೆ. ಇಲ್ಲವಾದರೆ ಕಣಗಳ ಮೈಗೆ ಸುಮ್ಮನೆ ಅಂಟಿದ ಬಣ್ಣವನ್ನೂ ಬೆಳಕಿನಿಂದಾದ ವಿಘಟನೆಯ ಲೆಕ್ಕಕ್ಕೆ ಸೇರಿಸಿಬಿಡುತ್ತೇವೆ. ಆದರೆ ಈ ಬಣ್ಣ ಹೆಚ್ಚಾಗಿ ಹೀರುವ 664 ನ್ಯಾನೋಮೀಟರ್ ತರಂಗಾಂತರದಲ್ಲಿ ಬೆಳಕಿನ ಹೀರಿಕೆ ಇಳಿದರೆ ನೀರು ಶುದ್ಧವಾಯಿತೆಂಬ ಅದರ ಮಾತನ್ನು ಒಪ್ಪಲಾರೆ, ಏಕೆಂದರೆ ನೀಲಿ ಮಾಯವಾದ ಮೇಲೂ ಬಣ್ಣದ ಅಣುವಿನ ಚೂರುಗಳು ಉಳಿದಿರಬಹುದು, ಅದನ್ನು ತಿಳಿಯಲು ಒಟ್ಟು ಸಾವಯವ ಇಂಗಾಲದ ಪರೀಕ್ಷೆಯೇ ಆಗಬೇಕು. ಈ ಪುಡಿ ಮುಖ್ಯವಾಗಿ ನೇರಳಾತೀತ ಬೆಳಕಿಗೆ ಸ್ಪಂದಿಸುತ್ತದೆ. ಆಮ್ಲೀಯ ನೀರಿನಲ್ಲಿ ಕರಗಿ ಸತುವನ್ನು ಬಿಡುತ್ತದೆಂಬ ಎಚ್ಚರಿಕೆ ಎಲ್ಲಿಯೂ ಇಲ್ಲ. ಜೊತೆಗೆ ಕೊಟ್ಟ ಶೋಧಕ ಕಾಗದದಲ್ಲಿ ನುಣ್ಣನೆಯ ಕಣಗಳು ತೂರಿಹೋಗಿ ಕೆಳಗಿನ ನೀರು ಹಾಲಿನಂತೆ ಮಬ್ಬಾಗಿಯೇ ಉಳಿಯುವುದರಿಂದ, ಸೆಂಟ್ರಿಫ್ಯೂಜ್ (ವೇಗವಾಗಿ ತಿರುಗಿಸಿ ಕಣಗಳನ್ನು ಬೇರ್ಪಡಿಸುವ ಯಂತ್ರ) ಇಲ್ಲದವರು ಇದನ್ನು ಕೊಳ್ಳದಿರುವುದೇ ಲೇಸು.