ಅರವತ್ತು ಕಂಪ್ಯೂಟರ್, ಒಂದೇ ಸ್ಕ್ರಿಪ್ಟ್: ನನ್ನ ಓಟು ಕ್ಲಷ್‌ಗೆ

ಒಂದು ಕಾಲೇಜಿನ ಲ್ಯಾಬ್‌ನಲ್ಲಿ 60 ಲಿನಕ್ಸ್ ಕಂಪ್ಯೂಟರ್ ನೋಡಿಕೊಳ್ಳುವುದು ನನ್ನ ಕೆಲಸ. ಎಲ್ಲದರಲ್ಲೂ ಒಂದೇ ಸ್ಕ್ರಿಪ್ಟ್, ಅಂದರೆ ಕಮಾಂಡ್‌ಗಳ ಪಟ್ಟಿ, ಓಡಿಸಬೇಕಾದಾಗ ಈಗ ಕ್ಲಷ್ ಬಳಸುತ್ತೇನೆ. ಒಂದೇ ಕಮಾಂಡನ್ನು ಹಲವು ಕಂಪ್ಯೂಟರ್‌ಗಳಲ್ಲಿ ಒಟ್ಟಿಗೆ ಓಡಿಸುವ ಸಾಧನ ಅದು. ಮೊದಲೇ ಹೇಳಿಬಿಡುತ್ತೇನೆ, ಇಂಥ ನಾಲ್ಕು ದಾರಿಗಳ ಈ ಹೋಲಿಕೆಯಲ್ಲಿ ನಾನು ಅದರ ಪಾರ್ಟಿ.

ಶುರು ಮಾಡಿದ್ದು ಎಲ್ಲರ ಹಾಗೆ ಬ್ಯಾಷ್ ಲೂಪ್‌ನಿಂದ. ಬ್ಯಾಷ್ ಅಂದರೆ ಲಿನಕ್ಸ್‌ನಲ್ಲಿ ಕಮಾಂಡ್ ಓಡಿಸುವ ಶೆಲ್, ಲೂಪ್ ಅಂದರೆ ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವುದು. ಫೈಲಿನಲ್ಲಿ ಲ್ಯಾಬ್01ರಿಂದ ಲ್ಯಾಬ್60ರವರೆಗೆ 60 ಕಂಪ್ಯೂಟರ್‌ಗಳ ಹೆಸರು. ಲೂಪಿನ ವೈಲ್-ರೀಡ್ ಭಾಗ ಒಂದೊಂದೇ ಹೆಸರು ಓದುತ್ತದೆ, ದೂರದ ಕಂಪ್ಯೂಟರ್‌ಗೆ ಲಾಗಿನ್ ಆಗುವ ಎಸ್‌ಎಸ್‌ಎಚ್ ಅಲ್ಲಿಗೆ ಹೋಗಿ ಕೆಲಸ ಮಾಡುತ್ತದೆ. ಪ್ರಾಕ್ಟಿಕಲ್ ಪರೀಕ್ಷೆಯ ಹಿಂದಿನ ಸಂಜೆ ಹೀಗೇ ಪರೀಕ್ಷೆಗೆ ಬೇಕಾದ ಕಂಪೈಲರ್ ಎಂಬ ಸಾಫ್ಟ್‌ವೇರ್ ಹಾಕಿಸಿದೆ. ಅರ್ಧ ನಿಮಿಷಕ್ಕೆ ಪ್ರಾಂಪ್ಟ್ (ಮುಂದಿನ ಕಮಾಂಡ್‌ಗೆ ಕಾಯುವ ಸಾಲು) ವಾಪಸ್ ಬಂತು. ಒಂದು ಎರರ್ ಇಲ್ಲ. ಇಷ್ಟು ಬೇಗ ಆಯ್ತಲ್ಲ ಎಂದು ಖುಷಿಯಲ್ಲಿ ಲ್ಯಾಬ್‌ಗೆ ಬೀಗ ಹಾಕಿದೆ. ಬೆಳಗ್ಗೆ ನೋಡಿದರೆ ಕಂಪೈಲರ್ ಇದ್ದದ್ದು ಲ್ಯಾಬ್01ರಲ್ಲಿ ಮಾತ್ರ!

ಲೂಪ್ ಓದುತ್ತಿದ್ದ ಫೈಲನ್ನೇ ಎಸ್‌ಎಸ್‌ಎಚ್ ಕೂಡ ತನ್ನ ಇನ್‌ಪುಟ್ ಅಂದುಕೊಂಡಿತ್ತು. ಮೊದಲ ಕಂಪ್ಯೂಟರ್ ಮುಗಿಯುವಷ್ಟರಲ್ಲಿ ಉಳಿದ 59 ಹೆಸರನ್ನೂ ನುಂಗಿ ಕೂತಿತ್ತು. ಲೂಪ್‌ಗೆ ಓದಲು ಏನೂ ಉಳಿಯಲಿಲ್ಲ, ಸುಮ್ನೆ ಮುಗಿಯಿತು. ಎಸ್‌ಎಸ್‌ಎಚ್ ಜೊತೆ ಇನ್‌ಪುಟ್ ಓದಬೇಡ ಎನ್ನುವ '-ಎನ್' ಸೇರಿಸಿದರೆ ಸಾಕಿತ್ತು. ಅಷ್ಟು ಗೊತ್ತಿಲ್ಲದೆ ಮಕ್ಕಳನ್ನು ಮುಕ್ಕಾಲು ಗಂಟೆ ಹೊರಗೆ ನಿಲ್ಲಿಸಿದೆ. ಅದು ಸರಿಹೋದ ಮೇಲೂ ಕೆಲಸ ಒಂದರ ಹಿಂದೆ ಒಂದೇ. ಒಂದಕ್ಕೆ 30 ಸೆಕೆಂಡ್ ಅಂದರೂ ಎಲ್ಲ ಸೇರಿ ಅರ್ಧ ಗಂಟೆ.

ಆಮೇಲೆ ಹಲವು ಕಂಪ್ಯೂಟರ್‌ಗಳನ್ನು ಒಟ್ಟಿಗೆ ಸಜ್ಜು ಮಾಡುವ ಆನ್ಸಿಬಲ್ ನೋಡಿದೆ. ನನ್ನದು 12 ಸಾಲಿನ ಸ್ಕ್ರಿಪ್ಟ್. ಅದಕ್ಕೆ ಇನ್ವೆಂಟರಿ (ಕಂಪ್ಯೂಟರ್‌ಗಳ ಪಟ್ಟಿ), ಪ್ಲೇಬುಕ್ (ಮಾಡಬೇಕಾದ ಕೆಲಸಗಳ ಪಟ್ಟಿ), ಅದನ್ನು ಬರೆಯುವ ಯಾಮಲ್ ಎಂಬ ರೂಪದಲ್ಲಿ ಸ್ಪೇಸ್ ಎಣಿಸುವ ಕೆಲಸ. ನಾವಾಗಿ ಫೋರ್ಕ್ಸ್ ಎಂಬ ಮಿತಿಯನ್ನು ಏರಿಸದಿದ್ದರೆ ಒಮ್ಮೆಗೆ 5 ಕಂಪ್ಯೂಟರ್ ಮಾತ್ರ ಹಿಡಿಯುತ್ತದೆ. ಹೊಸ ಲ್ಯಾಬ್ ಒಂದನ್ನು ಮೊದಲಿಂದ ಸಜ್ಜು ಮಾಡುವುದಿದ್ದರೆ ಮಾತ್ರ ನಾನೂ ಅದನ್ನೇ ಬಳಸುತ್ತೇನೆ.

ಮೂರನೆಯದು ಪ್ಯಾರಲಲ್-ಎಸ್‌ಎಸ್‌ಎಚ್. ಇದು ನಾವಾಗಿ ಬದಲಿಸದಿದ್ದರೆ ಒಮ್ಮೆಗೆ 32 ಕಂಪ್ಯೂಟರ್‌ಗೆ ಹೋಗುತ್ತದೆ, ಪರವಾಗಿಲ್ಲ. ಆದರೆ ಬೇರೆ ಬೇರೆಯಾಗಿ ಬರುವ 60 ಉತ್ತರ ಓದುವಷ್ಟರಲ್ಲಿ ಕಣ್ಣು ಸೋಲುತ್ತದೆ.

ಕ್ಲಷ್ ನನಗೆ ಹಿಡಿಸಿದ್ದೇ ಈ ಕಾರಣಕ್ಕೆ. ಹೆಸರುಗಳ ಫೈಲೇ ಬೇಡ, 'ಲ್ಯಾಬ್[01-60]' ಅಂದರೆ ಸಾಕು. ಜೊತೆಗೆ '-ಬಿ' ಹಾಕಿದರೆ ಒಂದೇ ಥರದ ಉತ್ತರಗಳನ್ನು ಒಟ್ಟುಗೂಡಿಸಿ ತೋರಿಸುತ್ತದೆ. ಬ್ಯಾಷ್ ಬದಲು ಜ಼ೆಡ್ ಶೆಲ್ ಬಳಸುವವರು ಆ ಚೌಕ ಬ್ರಾಕೆಟ್‌ಗೆ ಕೋಟ್ಸ್ ಹಾಕಿ, ಇಲ್ಲದಿದ್ದರೆ ಶೆಲ್ ತಕರಾರು ಮಾಡುತ್ತದೆ. ಎಲ್ಲವೂ ಪುಕ್ಕಟೆ ಸಾಫ್ಟ್‌ವೇರ್ ಆದ್ದರಿಂದ ಬಜೆಟ್ ಅಂದರೆ ನನ್ನ ಸಮಯ ಅಷ್ಟೇ.

ಕಳೆದ ವಾರ ಪ್ಯಾಕೇಜ್ ಹಾಕಿಸಿ ಟೀ ಲೋಟ ಹಿಡಿದು ಕೂತೆ. ಪರದೆ ಮೇಲೆ 'ಲ್ಯಾಬ್[01-22,24-60] (59)' ಎಂಬ ಒಂದೇ ತಲೆಬರಹ, ಅದರ ಕೆಳಗೆ 'ಓಕೆ'. ಲ್ಯಾಬ್23 ಬೇರೆಯಾಗಿ ನಿಂತಿತ್ತು. ಹೋಗಿ ನೋಡಿದರೆ ಯಾರೋ ಸಿನಿಮಾ ತುಂಬಿಸಿ ಡಿಸ್ಕ್ ಫುಲ್ ಮಾಡಿದ್ದರು.